ಸೈಡ್‌ಕಾರ್ ಇರುವ ಹಳೆ ಬೈಕ್ ಮತ್ತೆ ರೋಡಿಗೆ: ಹಾಸನ, ಚಿಕ್ಕಮಗಳೂರು ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ತೋಟದ ಶೆಡ್ಡಿನಲ್ಲೋ ಗೋದಾಮಿನ ಮೂಲೆಯಲ್ಲೋ ಹಳೆ ಬೈಕ್ ಇಟ್ಟುಕೊಂಡಿರುವವರು ನಮ್ಮ ಎರಡೂ ಜಿಲ್ಲೆಗಳಲ್ಲಿ ಸಾಕಷ್ಟು ಜನ ಇದ್ದಾರೆ. ಅದಕ್ಕೆ ಸೈಡ್‌ಕಾರ್ (ಬೈಕಿನ ಎಡಕ್ಕೆ ಜೋಡಿಸುವ, ಒಂದು ಚಕ್ರದ ತೊಟ್ಟಿಲು) ಕೂಡ ಇದ್ದರೆ ಪ್ರಶ್ನೆಗಳು ಜಾಸ್ತಿ. ಎಲ್ಲರೂ ಎಂಜಿನ್ ಬಗ್ಗೆ ಕೇಳುತ್ತಾರೆ. ಎಂಜಿನ್ ಕೆಲಸ ಗೊತ್ತಿರುವವರು ಇನ್ನೂ ಊರೂರಲ್ಲಿ ಸಿಗುತ್ತಾರೆ, ಅದು ಹೇಗೋ ಆಗುತ್ತದೆ. ಗಾಡಿ ಅರ್ಧಕ್ಕೆ ನಿಲ್ಲುವುದು ಕಾಗದಪತ್ರದಲ್ಲಿ, ಇಲ್ಲವೇ ಸೈಡ್‌ಕಾರ್ ಜೋಡಣೆಯಲ್ಲಿ. ಹಾಗಾಗಿ ಇಲ್ಲಿ ಆ ಎರಡಕ್ಕೆ ಜಾಗ ಹೆಚ್ಚು ಕೊಟ್ಟಿದ್ದೇನೆ.

ಇಪ್ಪತ್ತು ವರ್ಷದಿಂದ ನಿಂತಿರುವ ಗಾಡಿ. ಸುಮ್ನೆ ಒಂದು ಕಿಕ್ ಹೊಡೆದು ನೋಡಲಾ?

ಬೇಡ. ನಿಂತ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್‌ಗಳು ತುಕ್ಕಿನಿಂದ ಬೋರ್‌ಗೆ, ಅಂದರೆ ಸಿಲಿಂಡರಿನ ಒಳಗೋಡೆಗೆ, ಅಂಟಿಕೊಂಡಿರುತ್ತವೆ. ಮೈಮೇಲೆ ಬಿದ್ದು ಕಿಕ್ ಹೊಡೆದರೆ ರಿಂಗ್ ಮುರಿಯಬಹುದು, ಬೋರ್ ಗೀರು ಬೀಳಬಹುದು, ಕಿಕ್ಕರ್ ಹಲ್ಲು ಹೋಗಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ. ಡೀಸೆಲ್‌ಗೆ ಸ್ವಲ್ಪ ಎಂಜಿನ್ ಆಯಿಲ್ ಬೆರೆಸಿ ಆ ತೂತಿನಿಂದ ಅರ್ಧ ಲೋಟ ಬಿಡಿ. ನಾಲ್ಕಾರು ದಿನ ನೆನೆಯಲಿ. ಆಮೇಲೆ ಟಾಪ್ ಗೇರಿಗೆ ಹಾಕಿ, ಹಿಂದಿನ ಚಕ್ರವನ್ನು ಕೈಯಲ್ಲೇ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಬಿಟ್ಟುಕೊಂಡರೆ ಸರಿ. ಬಿಡಲಿಲ್ಲ ಅಂದರೆ ಇನ್ನಷ್ಟು ದಿನ ನೆನೆಸಿ, ಹಟ ಮಾಡಬೇಡಿ.

ಹಳೆ ಆಯಿಲ್ ಪೂರ್ತಿ ಇಳಿಸಿ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲ್ ಅಂಟಾಗಿರುತ್ತದೆ, ಅದನ್ನೂ ಚೆಲ್ಲಿ. ಇನ್ನೊಂದು ಮಾತು. ಸೈಡ್‌ಕಾರ್ ಒಳಗೆ, ಸೀಟಿನ ಕೆಳಗೆ ಕೈ ಹಾಕುವ ಮುಂಚೆ ಕೋಲಿನಿಂದ ನಾಲ್ಕು ಸಲ ತಟ್ಟಿ. ಮಲೆನಾಡಿನ ಶೆಡ್ಡಿನಲ್ಲಿ ಅಷ್ಟು ಬೆಚ್ಚಗಿನ ಜಾಗವನ್ನು ಇಲಿ, ಕಣಜ, ಹಾವು ಯಾವುದೂ ಬಿಡುವುದಿಲ್ಲ.

ಬಿಚ್ಚುವ ಮುಂಚೆ ಎಲ್ಲ ಕಡೆಯಿಂದ ಫೋಟೊ ತೆಗೆಯಿರಿ. ಕೇಬಲ್ ಎಲ್ಲಿಂದ ಹೋಗಿದೆ, ವಾಷರ್ ಯಾವ ಪಕ್ಕ ಇದೆ, ಸೈಡ್‌ಕಾರಿನ ಕ್ಲಾಂಪ್ ಫ್ರೇಮಿನ ಯಾವ ಜಾಗ ಹಿಡಿದಿದೆ, ಎಲ್ಲವೂ ಬೇಕು.

ಸೈಡ್‌ಕಾರಿಗೆ ಯಾವ ಬೈಕ್ ಒಳ್ಳೆಯದು?

ಮನೆಯಲ್ಲಿ ಇರುವುದೇ ಒಳ್ಳೆಯದು. ಕೊಳ್ಳುವವರಿಗೆ ಬುಲೆಟ್ 350 ಸುಲಭ. 1955ರಲ್ಲಿ ಮದ್ರಾಸಿನಲ್ಲಿ ಶುರುವಾದ ಎನ್‌ಫೀಲ್ಡ್ ಇಂಡಿಯಾ ದಶಕಗಳ ಕಾಲ ಹೆಚ್ಚುಕಮ್ಮಿ ಅದೇ ಎಂಜಿನ್ ಮಾಡಿತು. 70 ಮಿಲಿಮೀಟರ್ ಬೋರ್ (ಸಿಲಿಂಡರಿನ ಅಗಲ), 90 ಮಿಲಿಮೀಟರ್ ಸ್ಟ್ರೋಕ್ (ಪಿಸ್ಟನ್ ಓಡುವ ದೂರ), 346 ಸಿಸಿ. ಹಾಗಾಗಿ ಬಿಡಿಭಾಗಕ್ಕೆ ಬರ ಇಲ್ಲ. ಉದ್ದ ಸ್ಟ್ರೋಕ್ ಇರುವುದರಿಂದ ನಿಧಾನಕ್ಕೆ ಓಡಿದರೂ ಎಳೆಯುತ್ತದೆ. ಸೈಡ್‌ಕಾರಿಗೆ ಬೇಕಾದದ್ದೇ ಆ ಗುಣ.

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಮಾಡಿದ ಜಾವಾ 250 ಹಗುರ, ಚುರುಕು. ಜೆಕ್ ದೇಶದ ವೆಲೊರೆಕ್ಸ್ ಸೈಡ್‌ಕಾರ್ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಆದರೆ ಇಬ್ಬರನ್ನು ಕೂರಿಸಿಕೊಂಡು ಘಾಟಿ ಹತ್ತುವಾಗ ಎಂಜಿನ್ ಏದುಸಿರು ಬಿಡುತ್ತದೆ. ಇನ್ನು ಬಿಎಸ್‌ಎ ಎಂ20, ನಾರ್ಟನ್ 16ಎಚ್. ಎರಡೂ ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನೆಯಲ್ಲಿ ದುಡಿದ 500 ಸಿಸಿ ಆಸುಪಾಸಿನ ಸೈಡ್ ವಾಲ್ವ್ (ವಾಲ್ವ್ ಸಿಲಿಂಡರಿನ ಪಕ್ಕದಲ್ಲಿರುವ) ಗಾಡಿಗಳು. ವೇಗ ಇಲ್ಲ, ತಾಕತ್ತು ಇದೆ. ಅಂಥದ್ದು ಸಿಕ್ಕರೆ ಬಿಡಬೇಡಿ. ಬಿಡಿಭಾಗಕ್ಕೆ ಮಾತ್ರ ತಾಳ್ಮೆಯೂ ಬೇಕು, ಹೊರದೇಶದ ಪಾರ್ಸೆಲ್‌ಗೆ ದುಡ್ಡೂ ಬೇಕು.

ಕಾಗದಪತ್ರ ಏನೂ ಇಲ್ಲ. ರಿಪೇರಿ ಶುರು ಮಾಡಬಹುದಾ?

ರಿಪೇರಿಗೆ ಒಂದು ರೂಪಾಯಿ ಹಾಕುವ ಮುಂಚೆ ಕಾಗದದ ಕೆಲಸ ಮಾಡಿ. ಈ ಮಾತು ಯಾರಿಗೂ ಇಷ್ಟ ಆಗುವುದಿಲ್ಲ, ಆದರೂ ಹೇಳಲೇಬೇಕು.

ಮೊದಲು ಚಾಸಿ ನಂಬರ್, ಎಂಜಿನ್ ನಂಬರ್ ಹುಡುಕಿ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಪೇಪರ್ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ. ಮರಳು ಕಾಗದ, ಗ್ರೈಂಡರ್ ಆ ಜಾಗಕ್ಕೆ ತಾಗಲೇಬಾರದು. ನಂಬರ್ ಅಳಿಸಿದಂತೆ ಕಂಡರೆ ಗಾಡಿ ನಿಮ್ಮ ತಾತನದ್ದೇ ಆಗಿದ್ದರೂ ಕಳ್ಳಮಾಲಿನ ಹಾಗೆ ನೋಡುತ್ತಾರೆ.

ನಂಬರ್ ಪ್ಲೇಟ್ ಉಳಿದಿದ್ದರೆ ಆ ನಂಬರ್ ಹಿಡಿದು ಆರ್‌ಟಿಓಗೆ ಹೋಗಿ 'ಬಿ ಎಕ್ಸ್‌ಟ್ರಾಕ್ಟ್' ಕೇಳಿ. ಗಾಡಿ ಯಾರ ಹೆಸರಲ್ಲಿದೆ, ನಂಬರ್‌ಗಳು ಏನು, ತೆರಿಗೆ ಎಲ್ಲಿಯವರೆಗೆ ಕಟ್ಟಿದೆ ಎಂಬುದು ಅದರಲ್ಲಿ ಇರುತ್ತದೆ. ಕೆಎ-13 ಹಾಸನ, ಕೆಎ-18 ಚಿಕ್ಕಮಗಳೂರು, ಕೆಎ-46 ಸಕಲೇಶಪುರ. ಎಂವೈ ಎಂದು ಶುರುವಾಗುವ ಮೈಸೂರು ರಾಜ್ಯದ ಕಾಲದ ನಂಬರ್ ಆದರೆ ಹಳೆ ರಿಜಿಸ್ಟರ್ ಪುಸ್ತಕ ತೆಗೆಸಬೇಕಾಗುತ್ತದೆ. ಸೋಮವಾರ ಬೆಳಗ್ಗೆಯ ಗದ್ದಲದಲ್ಲಿ ಹೋಗಿ ಕೇಳಬೇಡಿ, ಯಾರಿಗೂ ಪುರುಸೊತ್ತು ಇರುವುದಿಲ್ಲ.

ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರು ಫಾರಂ 31ರಲ್ಲಿ ಅರ್ಜಿ ಹಾಕಬೇಕು. ಜೀವಂತ ಇರುವವರಿಂದ ಕೊಂಡಿದ್ದರೆ ಫಾರಂ 29 ಮತ್ತು 30. ಆರ್‌ಸಿ ಕಳೆದಿದ್ದರೆ ಪೊಲೀಸ್ ದೂರಿನ ಜೊತೆ ಫಾರಂ 26. ಗುಜರಿಯಿಂದ ತಂದ, ನಂಬರೇ ಇಲ್ಲದ ಫ್ರೇಮಿಗೆ ದುಡ್ಡು ಸುರಿಯುವುದು ನನ್ನ ಪ್ರಕಾರ ದಂಡ. ಬಿಡಿಭಾಗಕ್ಕೆ ಅಂತ ಇಟ್ಟುಕೊಳ್ಳಿ, ಅಷ್ಟೇ.

ವಿಂಟೇಜ್ ರಿಜಿಸ್ಟ್ರೇಷನ್ ಮಾಡಿಸಿದರೆ ಒಳ್ಳೆಯದಾ?

ನೀವು ಗಾಡಿ ಯಾವುದಕ್ಕೆ ಬಳಸುತ್ತೀರಿ ಎಂಬುದರ ಮೇಲೆ ಇದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಇದಕ್ಕೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲಿ ಇರಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000. ನೋಂದಣಿ 10 ವರ್ಷ ನಡೆಯುತ್ತದೆ. ಹೊಸ ನಂಬರ್ ಕೊಟ್ಟರೆ ಅದರಲ್ಲಿ 'ವಿಎ' ಎಂಬ ಅಕ್ಷರ ಇರುತ್ತದೆ. ಈಗಾಗಲೇ ನಂಬರ್ ಇರುವ ಗಾಡಿ ತನ್ನ ಹಳೆ ನಂಬರನ್ನೇ ಉಳಿಸಿಕೊಳ್ಳಬಹುದು.

ಒಂದು ಕಟ್ಟು ಇದೆ. ವಿಂಟೇಜ್ ಅಂತ ನೋಂದಾದ ಗಾಡಿಯನ್ನು ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ ಮಾತ್ರ. ಭಾನುವಾರ ಹೆಂಡತಿಯನ್ನು ಕೂರಿಸಿಕೊಂಡು ಬೇಲೂರಿಗೆ ಹೋಗಿ ಬರಬೇಕು ಅನ್ನುವವರು ಮಾಮೂಲಿ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ವಾಸಿ. ಫಾರಂ 25ರಲ್ಲಿ ಅರ್ಜಿ, ಗಾಡಿ ತೋರಿಸಿ ತಪಾಸಣೆ, ಆಮೇಲೆ 5 ವರ್ಷಕ್ಕೆ ನವೀಕರಣ.

ನನ್ನ ಬುಲೆಟ್‌ಗೆ ಮೊದಲು ಸೈಡ್‌ಕಾರ್ ಇರಲಿಲ್ಲ. ಈಗ ಹಾಕಿಸಿದರೆ ಪೊಲೀಸ್ ಹಿಡಿಯುತ್ತಾರಾ? ಬೇರೆ ಲೈಸೆನ್ಸ್ ಬೇಕಾ?

ಬೇರೆ ಲೈಸೆನ್ಸ್ ಬೇಡ. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 2ರಲ್ಲೇ, ಬಿಚ್ಚಿ ಹಾಕಬಹುದಾದ, ಹೆಚ್ಚುವರಿ ಚಕ್ರ ಇರುವ ಸೈಡ್‌ಕಾರ್ ಸೇರಿದರೂ ಅದು ಮೋಟಾರ್ ಸೈಕಲ್ಲೇ ಎಂದಿದೆ. ಗೇರ್ ಬೈಕಿನ ಲೈಸೆನ್ಸ್ ಸಾಕು. ಆದರೆ ಗಾಡಿಯಲ್ಲಿ ಮಾಡಿದ ಬದಲಾವಣೆ ಆರ್‌ಸಿಯಲ್ಲಿ ದಾಖಲಾಗಬೇಕು, ಅದು ಸೆಕ್ಷನ್ 52. ಹಾಕಿಸುವ ಮುಂಚೆಯೇ ಆರ್‌ಟಿಓದಲ್ಲಿ ಮೋಟಾರು ವಾಹನ ನಿರೀಕ್ಷಕರನ್ನು ಕಂಡು, ಏನೇನು ತೋರಿಸಬೇಕು ಎಂದು ಕೇಳಿ. ವಿಮೆಯವರಿಗೂ ತಿಳಿಸಿ. ಅಪಘಾತ ಆದ ಮೇಲೆ ಸೈಡ್‌ಕಾರ್ ವಿಷಯ ಅವರಿಗೆ ಮೊದಲ ಸಲ ಗೊತ್ತಾಗಬಾರದು, ಅಲ್ವಾ?

ಹೆಲ್ಮೆಟ್ ತೊಟ್ಟಿಲಲ್ಲಿ ಕೂತವರಿಗೂ ಬೇಕು. ಬೈಕಿನಲ್ಲಿ ಕರೆದೊಯ್ಯುವ, 4 ವರ್ಷ ದಾಟಿದ ಎಲ್ಲರಿಗೂ ಕಾನೂನು ಒಂದೇ.

ಸ್ಪ್ಯಾನರ್ ಯಾವುದೂ ಸರಿಯಾಗಿ ಕೂರುತ್ತಿಲ್ಲ. ಯಾಕೆ?

ಹಳೆ ಬ್ರಿಟಿಷ್ ಬೈಕ್‌ಗಳ, ಹಳೆ ಬುಲೆಟ್‌ಗಳ ನಟ್ಟು ಬೋಲ್ಟುಗಳು ವಿಟ್‌ವರ್ತ್, ಬಿಎಸ್‌ಎಫ್ ಎಂಬ ಹಳೆ ಇಂಗ್ಲಿಷ್ ಅಳತೆಯವು. ನಿಮ್ಮ 12, 14 ನಂಬರ್ ಸ್ಪ್ಯಾನರ್ ಹತ್ತಿರ ಹತ್ತಿರ ಕೂರುತ್ತದೆ, ಆಮೇಲೆ ಮೂಲೆ ತಿನ್ನುತ್ತದೆ. ಥ್ರೆಡ್ಡಿನ ಕೋನ ಕೂಡ ಬೇರೆ: ವಿಟ್‌ವರ್ತ್ 55 ಡಿಗ್ರಿ, ಮೆಟ್ರಿಕ್ 60 ಡಿಗ್ರಿ. ಎರಡು ಸುತ್ತು ಹೋಯಿತು ಅಂತ ಒತ್ತಿ ತಿರುಗಿಸಿದರೆ ಕ್ರ್ಯಾಂಕ್‌ಕೇಸಿನ ಥ್ರೆಡ್ಡೇ ಕಿತ್ತು ಬರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಥವಾ ಗುಜರಿಯಲ್ಲಿ ಹಳೆ ವಿಟ್‌ವರ್ತ್ ಸೆಟ್ ಹುಡುಕಿ. ಆ ಖರ್ಚು ಮೊದಲ ದಿನವೇ ವಾಪಸ್ ಬರುತ್ತದೆ.

ಎಂಜಿನ್ ಕೆಲಸ ಇಲ್ಲೇ ಆಗುತ್ತದಾ, ಬೆಂಗಳೂರಿಗೆ ಹೋಗಬೇಕಾ?

ಬಹುಪಾಲು ಇಲ್ಲೇ ಆಗುತ್ತದೆ. ಬೋರಿಂಗ್, ವಾಲ್ವ್ ಸೀಟ್, ಬುಶ್ ಇವೆಲ್ಲ ಹಾಸನ, ಚಿಕ್ಕಮಗಳೂರಿನ ಲೇತ್ ಅಂಗಡಿಗಳಿಗೆ ಹೊಸದಲ್ಲ. ಕಾಫಿ ಪಲ್ಪರ್ ರಿಪೇರಿ ಮಾಡುವ ವರ್ಕ್‌ಶಾಪಿನವರನ್ನು ಮರೆಯಬೇಡಿ. ಸೀಸನ್ ಮುಂಚೆ ಅವರು ಯಾರ ಕೈಗೂ ಸಿಗುವುದಿಲ್ಲ. ಉಳಿದ ಕಾಲದಲ್ಲಿ ಗನ್‌ಮೆಟಲ್ ಬುಶ್ ಕಡೆಯುವುದರಲ್ಲಿ ಅವರಷ್ಟು ಪಳಗಿದ ಕೈ ಕಡಿಮೆ.

ಬುಲೆಟ್ ಪಿಸ್ಟನ್ 20, 40, 60 ಥೌ (ಇಂಚಿನ ಸಾವಿರದ ಒಂದು ಭಾಗ) ಓವರ್‌ಸೈಜ್‌ನಲ್ಲಿ ಸಿಗುತ್ತದೆ. ಬೋರ್ ಎಷ್ಟು ಸವೆದಿದೆ ಎಂದು ಅಳೆಸಿ, ಪಿಸ್ಟನ್ ಕೈಗೆ ಬಂದ ಮೇಲೆ ಅದಕ್ಕೆ ತಕ್ಕ ಹಾಗೆ ಬೋರ್ ಮಾಡಿಸಿ. ಮೊದಲು ಬೋರ್, ಆಮೇಲೆ ಪಿಸ್ಟನ್ ಹುಡುಕಾಟ ಅಂದರೆ ತಲೆನೋವು. ಎಂಜಿನ್ ಜೋಡಿಸಿ ಸ್ಟಾರ್ಟ್ ಮಾಡಿದ ಮೇಲೆ ಹೆಡ್‌ಗೆ ಹೋಗುವ ಸಣ್ಣ ಆಯಿಲ್ ಪೈಪಿನ ಬೋಲ್ಟ್ ಸ್ವಲ್ಪ ಸಡಿಲಿಸಿ, ಆಯಿಲ್ ಜಿನುಗುತ್ತಿದೆಯೇ ನೋಡಿ. ಜಿನುಗದಿದ್ದರೆ ತಕ್ಷಣ ಎಂಜಿನ್ ನಿಲ್ಲಿಸಿ.

ಹೊರಗೆ ಕಳಿಸಲೇಬೇಕಾದದ್ದು ಮ್ಯಾಗ್ನೆಟೊ, ಅಂದರೆ ಬ್ಯಾಟರಿ ಇಲ್ಲದೆ ಪ್ಲಗ್‌ಗೆ ಕಿಡಿ ಕೊಡುವ ಯಂತ್ರ. ತಣ್ಣಗಿದ್ದಾಗ ಒಂದೇ ಕಿಕ್‌ಗೆ ಸ್ಟಾರ್ಟ್, ಬಿಸಿಯಾದ ಮೇಲೆ ಸತ್ತರೂ ಸ್ಟಾರ್ಟ್ ಆಗಲ್ಲ ಎಂಬ ದೂರು ಇದ್ದರೆ ಮೊದಲ ಅನುಮಾನ ಅದರೊಳಗಿನ ಕಂಡೆನ್ಸರ್ ಮೇಲೆ, ವೈಂಡಿಂಗ್ ಮೇಲೆ. ಪಂಪ್‌ಸೆಟ್ ಮೋಟಾರ್ ಸುತ್ತುವ ಅಂಗಡಿಗೆ ಕೊಡಬೇಡಿ. ಇದರ ತಂತಿ ಕೂದಲಿನಷ್ಟು ಸಣ್ಣ, ಕೆಲಸವೇ ಬೇರೆ. ಮ್ಯಾಗ್ನೆಟೊ ಬದಲು ಕಾಯಿಲ್, ಪಾಯಿಂಟ್ ಇರುವ ಬುಲೆಟ್ ಆದರೆ ಈ ರಗಳೆ ಇಲ್ಲ. ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿಲಿಮೀಟರ್ ಇಟ್ಟರೆ ಆಯಿತು. ಬ್ಯಾಟರಿ ಹಾಕುವಾಗ ಎಚ್ಚರ: ಅನೇಕ ಹಳೆ ಬ್ರಿಟಿಷ್ ಬೈಕ್‌ಗಳಲ್ಲಿ ಗಾಡಿಯ ಫ್ರೇಮಿಗೆ ಸೇರುವುದು ಪ್ಲಸ್ ತಂತಿ.

ಈಗಿನ ಪೆಟ್ರೋಲ್ ಹಳೆ ಗಾಡಿಗೆ ಆಗುತ್ತದಾ?

ಓಡುತ್ತದೆ. ತೊಂದರೆ ಕೊಡುವುದು ಅದರಲ್ಲಿರುವ 20 ಪರ್ಸೆಂಟ್ ಎಥನಾಲ್. ಹಳೆ ರಬ್ಬರ್ ಪೈಪ್, ಪೆಟ್ರೋಲ್ ಕಾಕ್‌ನ ವಾಷರ್ ಇವನ್ನು ಅದು ಉಬ್ಬಿಸುತ್ತದೆ, ಗಟ್ಟಿ ಮಾಡುತ್ತದೆ. ಗಾಳಿಯ ತೇವವನ್ನೂ ಹೀರುತ್ತದೆ. ಎಥನಾಲ್ ತಡೆಯುವ ಪೈಪ್, ಸೀಲ್ ಹಾಕಿ. ಎರಡು ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಕಾರ್ಬೊರೇಟರ್ ಬಟ್ಟಲು ಖಾಲಿ ಮಾಡಿ.

ಸೈಡ್‌ಕಾರಿನ ತೊಟ್ಟಿಲು ಪೂರ್ತಿ ಕೊಳೆತಿದೆ. ಹೊಸದು ಮಾಡಿಸಲಾ?

ತಗಡು ತುಕ್ಕು ಹಿಡಿದಿದ್ದರೆ ಟಿಂಕರಿಂಗ್ ಮಾಡುವವರು ತೇಪೆ ಹಾಕಿ ಸರಿಮಾಡುತ್ತಾರೆ. ಆದರೆ ಮೊದಲು ನೋಡಬೇಕಾದದ್ದು ಕೆಳಗಿನ ಫ್ರೇಮು. ಪೇಂಟ್ ತೆಗೆಸಿ, ಬೆಸುಗೆ ಇರುವ ಪ್ರತಿ ಜಾಗದಲ್ಲಿ ಬಿರುಕು ಇದೆಯೇ ಹುಡುಕಿ. ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಕೊಳವೆ ಒಳಗಿನಿಂದ ತುಕ್ಕು ಹಿಡಿದಿದ್ದರೆ ಸದ್ದು ಮಂಕಾಗಿ ಬರುತ್ತದೆ. ಅಂಥ ಕೊಳವೆಗೆ ತೇಪೆ ಬೇಡ, ಬದಲಿಸಿ.

ಹಳೆ ಇಂಗ್ಲಿಷ್ ಸೈಡ್‌ಕಾರ್‌ಗಳ ತಗಡಿನ ಒಳಗೆ ಮರದ ಚೌಕಟ್ಟು ಇರುತ್ತದೆ. ಅಲ್ಲಿ ಅವರು ಬಳಸುತ್ತಿದ್ದದ್ದು ಆ್ಯಶ್ ಮರ, ಯಾಕೆಂದರೆ ಅದು ಬಾಗುತ್ತದೆ, ಸೀಳುವುದಿಲ್ಲ. ನಮ್ಮಲ್ಲಿ ತೇಗ ಅಥವಾ ಹೆಬ್ಬಲಸು ಸರಿಹೋಗುತ್ತದೆ. ಹೆಬ್ಬಲಸನ್ನು ದೋಣಿಗೇ ಬಳಸುತ್ತಾರೆ ಅಂದ ಮೇಲೆ ಮಳೆಗೆ ಹೆದರಬೇಕಿಲ್ಲ. ತೋಟದಲ್ಲಿ ಇದೆ ಅಂತ ಸಿಲ್ವರ್ ಓಕ್ ಹಾಕುವವರಿದ್ದಾರೆ. ನಾನಾದರೆ ಹಾಕುವುದಿಲ್ಲ. ಬೀಟೆ ನೋಡಲು ಚೆಂದ, ಆದರೆ ಭಾರ, ಮೇಲಾಗಿ ಅರಣ್ಯ ಇಲಾಖೆಯ ಕಾಗದ ಬೇರೆ. ನೆಲಕ್ಕೆ ಮರೈನ್ ಪ್ಲೈವುಡ್ ಹಾಕಿ, ನೀರು ಇಳಿಯಲು ನಾಲ್ಕು ತೂತು ಬಿಡಿ. ಬೇರೆ ಯಾವುದನ್ನು ಮರೆತರೂ ಆ ತೂತು ಮರೆಯಬೇಡಿ.

ಜೋಡಿಸಿದ ಮೇಲೆ ಗಾಡಿ ಎಡಕ್ಕೆ ಎಳೆಯುತ್ತಿದೆ. ಏನು ತಪ್ಪಾಗಿದೆ?

ಎಲ್ಲರೂ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಮೂರು ಅಳತೆ ಸರಿ ಇರಬೇಕು, ಮತ್ತು ಇದೇ ಕ್ರಮದಲ್ಲಿ ಕೂರಿಸಬೇಕು.

ಮೊದಲನೆಯದು ಲೀಡ್. ಸೈಡ್‌ಕಾರ್ ಚಕ್ರದ ಆಕ್ಸಲ್ ಬೈಕಿನ ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದಿರಬೇಕು. ಗಾಡಿಗೆ ತಕ್ಕ ಹಾಗೆ 3ರಿಂದ 10 ಇಂಚು. ತೀರಾ ಕಡಿಮೆ ಆದರೆ ಬಲ ತಿರುವಿನಲ್ಲಿ ಗಾಡಿ ಬೇಗ ಮಗುಚುತ್ತದೆ. ತೀರಾ ಜಾಸ್ತಿ ಆದರೆ ತಿರುಗಿಸಲು ಕಷ್ಟ, ಟಯರ್ ಉಜ್ಜಿ ಹೋಗುತ್ತದೆ.

ಎರಡನೆಯದು ಟೋ-ಇನ್. ಸೈಡ್‌ಕಾರ್ ಚಕ್ರ ಬೈಕಿಗೆ ನೇರ ಸಮಾನಾಂತರ ಇರಬಾರದು, ಅದರ ಮುಂಭಾಗ ಬೈಕಿನ ಕಡೆಗೆ ಚೂರು ತಿರುಗಿರಬೇಕು. ಅಳೆಯಲು ಫ್ಯಾಬ್ರಿಕೇಷನ್ ಅಂಗಡಿಯಿಂದ ಎರಡು ಉದ್ದನೆಯ ಅಲ್ಯೂಮಿನಿಯಂ ಚೌಕ ಪೈಪ್ ತನ್ನಿ. ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಹ್ಯಾಂಡಲ್ ನೇರ ಇಟ್ಟು, ಒಂದನ್ನು ಬೈಕಿನ ಎರಡೂ ಚಕ್ರಕ್ಕೆ ತಾಗಿಸಿ, ಇನ್ನೊಂದನ್ನು ಸೈಡ್‌ಕಾರ್ ಚಕ್ರಕ್ಕೆ ತಾಗಿಸಿ ಇಡಿ. ಎರಡು ಪೈಪಿನ ನಡುವಿನ ಅಂತರವನ್ನು ಮುಂದಿನ ಚಕ್ರದ ಮುಂದೆ ಒಮ್ಮೆ, ಹಿಂದಿನ ಚಕ್ರದ ಹಿಂದೆ ಒಮ್ಮೆ ಅಳೆಯಿರಿ. ಮುಂದಿನ ಅಳತೆ 10ರಿಂದ 20 ಮಿಲಿಮೀಟರ್ ಕಡಿಮೆ ಇರಬೇಕು.

ಮೂರನೆಯದು ಲೀನ್-ಔಟ್. ಬೈಕ್ ನೆಟ್ಟಗೆ ನಿಲ್ಲದೆ ಸೈಡ್‌ಕಾರಿನಿಂದ ಆಚೆಗೆ, ಅಂದರೆ ಬಲಕ್ಕೆ, ಸುಮಾರು 1 ಡಿಗ್ರಿ ವಾಲಿರಬೇಕು. 2 ದಾಟಬಾರದು. ಗಾರೆಯವರ ತೂಕದ ಗುಂಡು ಇಳಿಬಿಟ್ಟು ನೋಡಿ. ಬುಲೆಟ್‌ನ 19 ಇಂಚಿನ ಚಕ್ರದಲ್ಲಿ ಟಯರಿನ ಮೇಲಂಚಿಗೂ ಕೆಳಂಚಿಗೂ 10ರಿಂದ 12 ಮಿಲಿಮೀಟರ್ ವ್ಯತ್ಯಾಸ ಬಂದರೆ ಅದೇ 1 ಡಿಗ್ರಿ. ಅಳೆಯುವಾಗ ಓಡಿಸುವವರು ಸೀಟಿನ ಮೇಲೆ ಕೂತಿರಲಿ, ಇಲ್ಲದಿದ್ದರೆ ಸ್ಪ್ರಿಂಗ್ ಕುಸಿದಾಗ ಲೆಕ್ಕ ಬದಲಾಗುತ್ತದೆ.

ಈಗ ನಿಮ್ಮ ದೂರಿಗೆ ಬರೋಣ. ರೋಡಿನ ನಡು ಉಬ್ಬಿ, ಅಂಚು ಇಳಿದಿರುತ್ತದೆ. ನಾವು ಎಡಕ್ಕೆ ಓಡಿಸುವುದರಿಂದ ಗಾಡಿ ಹೇಗೂ ಎಡಕ್ಕೆ ಜಾರುತ್ತದೆ. ಮೇಲೆ ಸೈಡ್‌ಕಾರಿನ ಎಳೆತ. ಲೀನ್-ಔಟ್ ಚೂರು ಹೆಚ್ಚಿಸಿ, ಟೋ-ಇನ್ ನೋಡಿ, ಮತ್ತೆ ಓಡಿಸಿ. ಒಂದು ಸಲಕ್ಕೆ ಒಂದೇ ಅಳತೆ ಬದಲಿಸಿ. ಟೋ-ಇನ್ ಹೆಚ್ಚಾಗಿದ್ದರೆ ಟಯರಿನ ಮೇಲೆ ಹಕ್ಕಿ ಗರಿಯ ಅಂಚಿನಂಥ ಸವೆತ ಕಾಣುತ್ತದೆ. ನಿಧಾನ ಓಡುವಾಗ ಹ್ಯಾಂಡಲ್ ಅದುರಿದರೆ ಆ ಅದುರು ತಡೆಯುವ ಸ್ಟೀರಿಂಗ್ ಡ್ಯಾಂಪರ್ ಬಿಗಿ ಮಾಡಿ, ಕೋನ್ ಬೇರಿಂಗ್ ನೋಡಿ.

ಕ್ಲಾಂಪ್‌ಗಳನ್ನು ಮೊದಲ ಓಟದ ನಂತರ ಎಲ್ಲವನ್ನೂ ಮತ್ತೆ ಬಿಗಿ ಮಾಡಿ. ನಾಲ್ಕು ಕಡೆ ಹಿಡಿತ ಇರಲಿ. ಮೂರು ಸಾಕು ಅನ್ನುವ ವೆಲ್ಡರ್ ಹತ್ತಿರ ವಾದ ಮಾಡದೆ ಬೇರೆಯವರ ಹತ್ತಿರ ಹೋಗಿ.

ಗೇರ್, ಬ್ರೇಕ್, ಟಯರ್ ಬದಲಿಸಬೇಕಾ?

ಬುಲೆಟ್ 350ರ ತಾಕತ್ತು 18 ಹಾರ್ಸ್‌ಪವರ್ ಅಷ್ಟೇ. ಗೇರ್‌ಬಾಕ್ಸ್ ಸ್ಪ್ರಾಕೆಟ್‌ನಲ್ಲಿ ಒಂದೆರಡು ಹಲ್ಲು ಕಡಿಮೆ ಮಾಡಿದರೆ ಏರು ಹತ್ತಲು ಸುಲಭ, ಟಾಪ್ ಸ್ಪೀಡ್ ಕಡಿಮೆಯಾಗುತ್ತದೆ. ಸೈಡ್‌ಕಾರ್ ಹಾಕಿಕೊಂಡು 60ರ ಮೇಲೆ ಹೋಗುವ ಅಗತ್ಯ ಯಾರಿಗಿದೆ? ಸ್ಪೋಕ್‌ಗಳು ಮುಖ್ಯ. ಬೈಕ್ ತಿರುವಿನಲ್ಲಿ ವಾಲುವುದಿಲ್ಲ, ಹಾಗಾಗಿ ಪಕ್ಕದ ಒತ್ತಡ ಪೂರ್ತಿ ಸ್ಪೋಕ್ ಮೇಲೆ ಬೀಳುತ್ತದೆ. ಮೂರೂ ಚಕ್ರಕ್ಕೆ ಹೊಸ ಸ್ಪೋಕ್ ಹಾಕಿಸಿ. ಸೈಡ್‌ಕಾರ್ ಚಕ್ರಕ್ಕೆ ಬ್ರೇಕ್ ಕೂರಿಸುವ ಅವಕಾಶ ಇದ್ದರೆ ಕೂರಿಸಿ.

ಪೇಂಟ್, ಕ್ರೋಮ್?

ಕೊನೆಗೆ. ಗಾಡಿ ಓಡಿ, ಅಳತೆ ಸರಿಹೋದ ಮೇಲೆ ಮತ್ತೆ ಬಿಚ್ಚಿ ಪೇಂಟ್ ಮಾಡಿ. ಹಳೆ ಪೇಂಟ್ ಮುಕ್ಕಾಲು ಉಳಿದಿದ್ದರೆ ಮುಟ್ಟಬೇಡಿ ಅನ್ನುವುದು ನನ್ನ ಅಭಿಪ್ರಾಯ. ಟ್ಯಾಂಕಿನ ಹೊಂಬಣ್ಣದ ಗೆರೆ ಹಾಕಿಸುವುದಾದರೆ ಸ್ಟಿಕ್ಕರ್ ಬೇಡ, ಲಾರಿ ಬೋರ್ಡ್ ಬರೆಯುವ ಒಳ್ಳೆ ಕಲಾವಿದರು ಇನ್ನೂ ಇದ್ದಾರೆ. ಟ್ಯಾಂಕಿಗೆ ಬೆಸುಗೆ ಹಾಕಿಸುವ ಮುಂಚೆ ಪೆಟ್ರೋಲ್ ಆವಿ ಪೂರ್ತಿ ಹೋಗುವ ಹಾಗೆ ತೊಳೆಸಿ. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ.

ಖರ್ಚು ಎಷ್ಟಾಗುತ್ತದೆ?

ಗಾಡಿ ನೋಡದೆ ಯಾರಾದರೂ ಲೆಕ್ಕ ಹೇಳಿದರೆ ನಂಬಬೇಡಿ. ಕ್ರೋಮ್ ಮತ್ತು ಸಿಗದ ಬಿಡಿಭಾಗ, ಇವೆರಡೇ ಜೇಬು ಖಾಲಿ ಮಾಡುವುದು.

ಬೈಕ್ ಚೆನ್ನಾಗಿ ಓಡಿಸುತ್ತೇನೆ. ಸೈಡ್‌ಕಾರ್ ಓಡಿಸಲು ಬೇರೆ ಕಲಿಯಬೇಕಾ?

ಕಲಿಯಲೇಬೇಕು. ಚೆನ್ನಾಗಿ ಬೈಕ್ ಓಡಿಸುವವರೇ ಮೊದಲು ಬೇಲಿಗೆ ನುಗ್ಗುವುದು. ಬೈಕನ್ನು ನಾವು ವಾಲಿಸಿ ತಿರುಗಿಸುತ್ತೇವೆ. ಇದು ವಾಲುವುದಿಲ್ಲ, ಹ್ಯಾಂಡಲ್ ಎಳೆದೇ ತಿರುಗಿಸಬೇಕು. ಆಕ್ಸಿಲರೇಟರ್ ಕೊಟ್ಟರೆ ಗಾಡಿ ಎಡಕ್ಕೆ ಹೋಗುತ್ತದೆ, ಯಾಕೆಂದರೆ ಸೈಡ್‌ಕಾರಿನ ಭಾರ ಹಿಂದೆ ಉಳಿಯುತ್ತದೆ. ಬ್ರೇಕ್ ಹಿಡಿದರೆ ಬಲಕ್ಕೆ ಹೋಗುತ್ತದೆ, ಯಾಕೆಂದರೆ ಅದೇ ಭಾರ ಮುಂದೆ ನೂಕುತ್ತದೆ. ಇದನ್ನು ತಿಳಿದವರು ಎಡ ತಿರುವಿಗೆ ಮುಂಚೆಯೇ ವೇಗ ಇಳಿಸಿ, ತಿರುವಿನೊಳಗೆ ಮೆಲ್ಲಗೆ ಆಕ್ಸಿಲರೇಟರ್ ಕೊಡುತ್ತಾರೆ. ಬಲ ತಿರುವಿನಲ್ಲಿ ಆಕ್ಸಿಲರೇಟರ್ ಇಳಿಸುತ್ತಾರೆ.

ಎಡ ತಿರುವಿನಲ್ಲಿ ವೇಗ ಜಾಸ್ತಿ ಆದರೆ ಸೈಡ್‌ಕಾರ್ ಗಾಳಿಗೆ ಏಳುತ್ತದೆ. ಗಾಬರಿಯಾಗಿ ಎಡಕ್ಕೇ ಇನ್ನೂ ಎಳೆಯಬೇಡಿ. ಆಕ್ಸಿಲರೇಟರ್ ಇಳಿಸಿ, ಹ್ಯಾಂಡಲ್ ಸ್ವಲ್ಪ ನೇರ ಮಾಡಿ, ಚಕ್ರ ಕೆಳಗೆ ಬರುತ್ತದೆ. ಅದಕ್ಕೆ ಜಾಗ ಬೇಕು, ಹಾಗಾಗಿ ಕಲಿಯುವುದು ರೋಡಿನಲ್ಲಿ ಬೇಡ. ಕಾಫಿ ಒಣಗಿಸದ ತಿಂಗಳುಗಳಲ್ಲಿ ದೊಡ್ಡ ತೋಟದ ಕಣ ಖಾಲಿ ಇರುತ್ತದೆ, ಸಂತೆ ಇಲ್ಲದ ದಿನ ಸಂತೆ ಮೈದಾನ ಇರುತ್ತದೆ. ತೊಟ್ಟಿಲಿನ ನೆಲಕ್ಕೆ ಒಂದು ಮರಳು ಮೂಟೆ ಕಟ್ಟಿಕೊಂಡು ಶುರು ಮಾಡಿ. ಮನುಷ್ಯರನ್ನು ಆಮೇಲೆ ಕೂರಿಸಿ. ಇನ್ನೂ ಒಂದು: ನಿಮ್ಮ ಎಡಕ್ಕೆ ಗಾಡಿಯ ಇನ್ನೊಂದು ಅರ್ಧ ಇದೆ ಎಂಬುದು ಮೊದಮೊದಲು ನೆನಪಿರುವುದಿಲ್ಲ. ತೋಟದ ಗೇಟಿನ ಕಲ್ಲುಕಂಬ ಅದನ್ನು ನೆನಪಿಸುತ್ತದೆ.

ಮಳೆಗಾಲದಲ್ಲಿ ಹೇಗೆ ಇಡುವುದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಸಕಲೇಶಪುರ ಕಡೆ ಕಬ್ಬಿಣ ನೋಡನೋಡುತ್ತಲೇ ಕೆಂಪಾಗುತ್ತದೆ. ಪ್ಲಾಸ್ಟಿಕ್ ಹೊದಿಕೆ ಬೇಡವೇ ಬೇಡ, ಒಳಗೆ ಬೆವರುತ್ತದೆ. ಹತ್ತಿ ಬಟ್ಟೆ ಹೊದಿಸಿ, ಗಾಳಿ ಆಡುವ ಕಡೆ, ಹಲಗೆಯ ಮೇಲೆ ನಿಲ್ಲಿಸಿ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಒಳಗೆ ಆಯಿಲ್ ಸವರಿ. ಬ್ಯಾಟರಿ ಬಿಚ್ಚಿಡಿ. ಗೊಬ್ಬರ, ಸುಣ್ಣ ಇಡುವ ಕೋಣೆಯಲ್ಲಿ ಮಾತ್ರ ಗಾಡಿ ಇಡಬೇಡಿ. ರಸಗೊಬ್ಬರದ ಧೂಳು ತೇವ ಹೀರಿ ಕ್ರೋಮ್ ತಿಂದುಹಾಕುತ್ತದೆ.

ಮುಳ್ಳಯ್ಯನಗಿರಿ ಕಡೆ ಹೋಗಬಹುದಾ? ಚಾರ್ಮಾಡಿ ಇಳಿಯಬಹುದಾ?

ಎಂಜಿನ್ ಹೊಸದಾಗಿ ಮಾಡಿಸಿದ್ದರೆ ಮೊದಲ 500 ಕಿಲೋಮೀಟರ್ ಬಯಲು ಕಡೆ ಓಡಿಸಿ. ಹಾಸನದಿಂದ ಅರಸೀಕೆರೆ ಕಡೆಯ ರೋಡು ಅದಕ್ಕೆ ಒಳ್ಳೆಯದು. ಆಮೇಲೆ ಆಯಿಲ್ ಬದಲಿಸಿ, ಆಮೇಲೆ ಬೆಟ್ಟ. ಚಿಕ್ಕಮಗಳೂರು ಊರೇ ಸಮುದ್ರಮಟ್ಟದಿಂದ ಸಾವಿರ ಮೀಟರ್‌ಗಿಂತ ಮೇಲಿದೆ, ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಸಾವಿರ ಮೀಟರ್ ಹತ್ತಿದರೆ ಗಾಳಿಯ ಸಾಂದ್ರತೆ ಸುಮಾರು 10 ಪರ್ಸೆಂಟ್ ಇಳಿಯುತ್ತದೆ, ಎಂಜಿನ್ ತಾಕತ್ತೂ ಅಷ್ಟೇ ಇಳಿಯುತ್ತದೆ. ಹೊಗೆ ಕಪ್ಪಾದರೆ ಮೇನ್ ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಬಿಡಿಭಾಗ) ಒಂದು ಸೈಜ್ ಚಿಕ್ಕದು ಹಾಕಿ ನೋಡಿ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಹಳೆ ಡ್ರಮ್ ಬ್ರೇಕ್ ಬಿಸಿಯಾದರೆ ಹಿಡಿಯುವುದೇ ಇಲ್ಲ. ಚಾರ್ಮಾಡಿಯಲ್ಲಿ, ಶಿರಾಡಿಯಲ್ಲಿ ಯಾವ ಗೇರಲ್ಲಿ ಹತ್ತುತ್ತೀರೋ ಅದೇ ಗೇರಲ್ಲಿ ಇಳಿಯಿರಿ, ನಡುವೆ ನಿಲ್ಲಿಸಿ ಡ್ರಮ್ ಆರಲು ಬಿಡಿ. ಜಾವಾ, ಯೆಜ್ಡಿ ಇರುವವರಿಗೆ ಇನ್ನೊಂದು ಎಚ್ಚರಿಕೆ ಇದೆ. ಈ ಟೂ ಸ್ಟ್ರೋಕ್ ಎಂಜಿನ್‌ಗೆ ಆಯಿಲ್ ಬರುವುದೇ ಪೆಟ್ರೋಲ್ ಜೊತೆ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಲ್ಲೇ ಉದ್ದಕ್ಕೆ ಇಳಿದರೆ ಪೆಟ್ರೋಲೂ ಇಲ್ಲ, ಆಯಿಲೂ ಇಲ್ಲ, ಎಂಜಿನ್ ಮಾತ್ರ ಸುತ್ತುತ್ತಿರುತ್ತದೆ. ಪಿಸ್ಟನ್ ಹಿಡಿದುಕೊಳ್ಳುವುದು ಆಗಲೇ. ಇಳಿಯುತ್ತಾ ಆಗಾಗ ಕ್ಲಚ್ ಹಿಡಿದು, ಒಂದೆರಡು ಸಲ ಆಕ್ಸಿಲರೇಟರ್ ತಿರುವಿ ಬಿಡಿ.